ಎರಡು ಅಂತಿಯೋಕ್ಯ

ಮೊದಲ ದಿನವೇ ಅವನು ಮೆಡಿಟರೇನಿಯನ್ ಸಮುದ್ರದ ಮೇಲೆ ಕೈಯೂರಿದ.

ಕೈ ಒದ್ದೆಯಾಗಿತ್ತು. ರೋಗಿಯನ್ನು ಮುಟ್ಟುವ ಮೊದಲು ತೊಳೆದುಕೊಂಡು ಬಂದಿದ್ದ. ಟವೆಲು ಎಲ್ಲಿದೆಯೆಂದು ಹುಡುಕುತ್ತ ಕಿರಿದಾದ ಹಜಾರದ ಗೋಡೆಗೆ ಆತು ನಿಂತ. ಕೈ ತೆಗೆದಾಗ ಕುಪ್ರ ದ್ವೀಪವು ನೀಲಿ ಮಸಿಯಾಗಿ ಕರಗಿ ಅವನ ಅಂಗೈಗೆ ಇಳಿದಿತ್ತು.

"ಅದು ಗೋಡೆಯಲ್ಲ," ಎಂದಳು ಅವಳು.

ಅವನು ಅಂಗೈ ನೋಡಿಕೊಂಡ. "ಮತ್ತೆ ಇದೇನು?"

"ಕುಪ್ರ. ಮೂರು ಭಾನುವಾರದ ಕೆಲಸ."

"ವಾಪಸ್ ಅಂಟಿಸೋಕಾಗುತ್ತಾ?"

ಅವಳು ನಗಲಿಲ್ಲ. ಒಳಗಿನ ಕೋಣೆಯಿಂದ ಅತ್ತೆ ನಕ್ಕದ್ದು ಕೇಳಿಸಿತು. ತೊಡೆಯ ಮೂಳೆ ಮುರಿದು, ಆಪರೇಷನ್ ಆಗಿ, ಮಂಚ ಹಿಡಿದ ಮೇಲೆ ಆ ಮನೆಯಲ್ಲಿ ಕೇಳಿಬಂದ ಮೊದಲ ನಗು ಅದು. ಆ ಒಂದು ಕಾರಣಕ್ಕೆ ಅವಳು ಅವನನ್ನು ಕ್ಷಮಿಸಿದಳು. ಪೂರ್ತಿಯಾಗಿ ಅಲ್ಲ.

ಅವನು ಫಿಸಿಯೋ. ದಿನವೂ ಸಂಜೆ ನಾಲ್ಕೂವರೆಗೆ ಬಂದು ಅತ್ತೆಯನ್ನು ನಡೆಸುವುದು ಅವನ ಕೆಲಸ. ಅವಳು ನಕ್ಷೆಗಳ ಕಚೇರಿಯಲ್ಲಿ ಪರಿಶೀಲಕಿ. ಅಚ್ಚಿಗೆ ಹೋಗುವ ನಕ್ಷೆಗಳಲ್ಲಿ ಊರುಗಳ ಹೆಸರು ಸರಿಯಿದೆಯೇ, ಬಿದ್ದ ಜಾಗ ಸರಿಯಿದೆಯೇ ಎಂದು ನೋಡುವುದು ಅವಳ ಕೆಲಸ. ಅತ್ತೆ, ಅಂದರೆ ಅವಳ ತಂದೆಯ ಅಕ್ಕ, ಮೂವತ್ತೊಂದು ವರ್ಷ ಟೆಲಿಫೋನ್ ಆಪರೇಟರ್ ಆಗಿದ್ದು ನಿವೃತ್ತಳಾದವಳು. ಕಾಣದ ಜನರ ದನಿಗಳನ್ನು ಕಾಣದ ಊರುಗಳಿಗೆ ಜೋಡಿಸಿ ಅಭ್ಯಾಸವಾಗಿದ್ದ ಅವಳಿಗೆ ಬೈಬಲ್ ಓದುವಾಗಲೂ ಊರು ಕಣ್ಣಿಗೆ ಬೀಳಲೇಬೇಕು. "ಎಲ್ಲಿಂದ ಎಲ್ಲಿಗೆ ಹೋದ್ರು ಅನ್ನೋದು ಗೊತ್ತಾಗದೆ ಹೋದ್ರೆ ಓದಿದ ಹಾಗೇ ಆಗಲ್ಲ ಕಣೇ." ಆದ್ದರಿಂದಲೇ ಹಜಾರದ ಗೋಡೆಯ ತುಂಬ ಸೊಸೆ ಬರೆದ ಆ ನಕ್ಷೆ. ನಾಲ್ಕು ಗಂಟೆಗೆ ಸೊಸೆ ಓದುತ್ತಿದ್ದಳು. ಅತ್ತೆ ಹೊಲಿಗೆಯ ಗಜಕಡ್ಡಿಯಿಂದ ದಾರಿ ತೋರಿಸುತ್ತಿದ್ದಳು.

ಅತ್ತೆ ಜನರಿಗೆ ಹೆಸರಿಡುವುದರಲ್ಲಿ ಚುರುಕು. ಸೊಸೆಗೆ "ಸ್ಕೇಲು" ಎಂದು ಇಟ್ಟು ಎಷ್ಟೋ ಕಾಲವಾಗಿತ್ತು; ಬೆನ್ನು ನೇರ, ಮಾತು ಅಳತೆಯದು. ಅವನಿಗೆ ಎರಡನೆಯ ದಿನವೇ "ಕಸರತ್ತು" ಎಂಬ ಹೆಸರು ಬಿತ್ತು.

ಆದರೆ ಅತ್ತೆ ನಡೆಯಲು ಒಪ್ಪಲಿಲ್ಲ.

"ಈ ಗೋಡೆಯಿಂದ ಆ ಗೋಡೆಗೆ, ಆ ಗೋಡೆಯಿಂದ ಈ ಗೋಡೆಗೆ. ಅಲ್ಲಿ ಯಾರಿದ್ದಾರೆ ಅಂತ ಹೋಗಲಿ?" ಎಂದು ಹತ್ತನೆಯ ದಿನ ವಾಕರನ್ನು ದೂಡಿ ಕೂತುಬಿಟ್ಟಳು.

ಅವನು ಗೋಡೆಯ ಮೇಲಿನ ನಕ್ಷೆಯನ್ನು ನೋಡುತ್ತ ನಿಂತ. ಬೈಬಲಿನ ಧರ್ಮಪ್ರಚಾರಕರಾದ ಪೌಲನೂ ಬಾರ್ನಬನೂ ನಡೆದ ಕೆಂಪು ಗೆರೆಯ ಮೇಲೆ ಬೆರಳಾಡಿಸಿದ. ಈ ಸಲ ಕೈ ಒಣಗಿತ್ತು.

"ಇವರು ಇಷ್ಟು ದೂರ ನಡೆದ್ರಾ?"

"ನಡೆದ್ರು. ಹಡಗಲ್ಲೂ ಹೋದ್ರು," ಎಂದಳು ಅವಳು.

"ಹಾಗಾದ್ರೆ ಅಮ್ಮನೂ ಇವರ ಜೊತೇಲೇ ಹೋಗಲಿ. ಈ ಗೆರೆನ ನಮ್ಮ ಬೀದಿ ಮೇಲೆ ಇಳಿಸಿಕೊಡ್ತೀರಾ?"

ಅವಳು ಮೊದಲ ಬಾರಿಗೆ ಅವನ ಮುಖವನ್ನು ಪೂರ್ತಿ ನೋಡಿದಳು. ಹುಬ್ಬಿನ ಮೇಲೆ ಸಣ್ಣ ಗಾಯದ ಗುರುತು. ನಗು ಮೊದಲು ಎಡಗಣ್ಣಿಗೆ ಬಂದು ಆಮೇಲೆ ಬಲಗಣ್ಣಿಗೆ ಹರಡುತ್ತಿತ್ತು. ನಕ್ಷೆಯಾಗಿದ್ದರೆ ಇದನ್ನು ಬರೆದಿಟ್ಟುಕೊಳ್ಳಬಹುದಿತ್ತು ಎಂದುಕೊಂಡು, ಅಂದುಕೊಂಡದ್ದಕ್ಕೆ ತನ್ನ ಮೇಲೆಯೇ ಸಿಡುಕಿಕೊಂಡು ಒಳಗೆ ಹೋದಳು.

ಎರಡು ದಿನದಲ್ಲಿ ಹಾಳೆ ಸಿದ್ಧವಾಯಿತು. ಬಡಾವಣೆಯ ನಕ್ಷೆಯ ಮೇಲೆ ಟ್ರೇಸಿಂಗ್ ಕಾಗದ. ಅದರ ಮೇಲೆ ಕೆಂಪು ಗೆರೆ. ಮನೆಯ ಗೇಟು ಅಂತಿಯೋಕ್ಯ, ಪ್ರಯಾಣ ಹೊರಟ ಊರು. ಔಷಧಿ ಅಂಗಡಿ ಸೆಲ್ಯೂಕ್ಯ ಬಂದರು. ಅಲ್ಲಿಂದಾಚೆಯ ಮೋರಿಯೇ ಸಮುದ್ರ. ಸೈಕಲ್ ರಿಪೇರಿ ಅಂಗಡಿ ಪಾಫೋಸ್. ಬಸ್ ಸ್ಟಾಪು ಪೆರ್ಗೆ. ರಸ್ತೆ ದಾಟಿ ಮುಂದೆ ಹೋದರೆ ಲೈಬ್ರರಿ. ಅದರ ಮುಂದಿನ ಕಲ್ಲುಬೆಂಚು ಅಂತಿಯೋಕ್ಯ. ಆ ಕಾಲದಲ್ಲಿ ಅದೇ ಹೆಸರಿನ ಇನ್ನೊಂದು ಊರು ಪಿಸಿದ್ಯ ಸೀಮೆಯಲ್ಲಿತ್ತು. 'ಪಿಸಿದ್ಯ' ಎಂದು ಬರೆಯಲು ಬೆಂಚಿನ ಪಕ್ಕದಲ್ಲಿ ಜಾಗ ಸಾಲಲಿಲ್ಲ. ಮನೆಯೊಳಗಿನ ಬಳಕೆಗೆ ತಾನೇ ಎಂದು ಬಿಟ್ಟಳು.

ಅವನು ಅದನ್ನು ಜೆರಾಕ್ಸ್ ಮಾಡಿಸಿಕೊಂಡು ಬಂದ. ಅವಳು ಪ್ರತಿಯನ್ನು ನೋಡಿ ಮುಖ ಸಿಂಡರಿಸಿದಳು.

"ಬಲಗಡೆ ಕತ್ತರಿಸಿಹೋಗಿದೆ."

"ಅಲ್ಲೇನಿದೆ? ಈ ಮನೆ ತಾನೇ? ಮನೆ ನನಗೆ ಗೊತ್ತಲ್ಲ."

ಮನೆಯನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಗೇಟು ದಾಟುವಾಗ ಅತ್ತೆ ದಿನವೂ ಹೇಳುತ್ತಿದ್ದುದು ಒಂದೇ ಮಾತು: "ಹೊರಟ್ವಿ."

ಸೆಲ್ಯೂಕ್ಯಕ್ಕೆ ತಲುಪಲು ಆರು ದಿನ ಹಿಡಿಯಿತು. ಸಮುದ್ರ ದಾಟಲು ನಾಲ್ಕು. ಮೋರಿಯ ಚಪ್ಪಡಿಯ ಮೇಲೆ ಅತ್ತೆ ನಡುಗಿದಾಗ ಅವನ ಕೈ ಅವಳ ಮೊಣಕೈಯ ಕೆಳಗೆ ಒಂದಂಗುಲದಾಚೆ ತೇಲುತ್ತಿತ್ತು. ಮುಟ್ಟುತ್ತಿರಲಿಲ್ಲ, ಬಿಡುತ್ತಲೂ ಇರಲಿಲ್ಲ. ಹಿಂದಿನಿಂದ ಪುಸ್ತಕ ಹಿಡಿದು ಬರುತ್ತಿದ್ದ ಅವಳು ಆ ಒಂದಂಗುಲವನ್ನೇ ನೋಡುತ್ತಿದ್ದಳು.

"ಹಡಗು ಅಲ್ಲಾಡ್ತಿದೆ ಕಸರತ್ತು!"

"ಅಲ್ಲಾಡಲಿ ಬಿಡಿ ಅಮ್ಮಾ. ಮುಳುಗದಿದ್ರೆ ಸಾಕು."

"ಹಿಂದೆ ತಿರುಗಿ ತಿರುಗಿ ನೋಡಿದ್ರೆ ಮುಳುಗದೆ ಇನ್ನೇನಾಗುತ್ತೆ? ಮುಂದೆ ನೋಡಿ ನಡೆಸು!"

ಅವನ ಕಿವಿ ಕೆಂಪಾದದ್ದನ್ನು ಅವಳು ಹಿಂದಿನಿಂದಲೇ ಗುರುತಿಸಿದಳು. ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದಳು. ಅದು ತಲೆಕೆಳಗಾಗಿತ್ತು ಎಂಬುದನ್ನು ಮೋರಿ ದಾಟಿದ ಮೇಲೆ ಅವನೇ ಹೇಳಿದ.

"ನೀವು ಕುಪ್ರವನ್ನ ಹಾಗೇ ಬಿಟ್ಟಿದ್ದೀರಿ," ಎಂದ ಒಂದು ದಿನ, ಗೋಡೆಯ ಮೇಲಿನ ನೀಲಿ ಕಲೆಯನ್ನು ತೋರಿಸಿ. "ಅಳಿಸಿ ಬರೀಬಹುದಿತ್ತಲ್ಲ?"

"ಪುರುಸೊತ್ತಾಗಲಿಲ್ಲ."

"ಐದು ಭಾನುವಾರ ಕಳೆದುವು."

"ಎಣಿಸ್ತಿದ್ದೀರಾ?"

"ನೀವು ಹೇಳಿಕೊಟ್ಟದ್ದೇ."

ಇಬ್ಬರೂ 'ನೀವು' ಎನ್ನುವುದನ್ನು ಬಿಡಲಿಲ್ಲ. ಅತ್ತೆಗೆ ಅದು ತಲೆನೋವು. "ಇಪ್ಪತ್ತೆಂಟು ಮೂವತ್ತು ವಯಸ್ಸಿನೋರು, ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಾಗದ ಬರೆದ ಹಾಗೆ ಮಾತಾಡ್ತೀರಲ್ಲ! ನಡುವೆ ಆಪರೇಟರ್ ಯಾರಾದ್ರೂ ಕೂತಿದ್ದಾರಾ?"

ಎಂಟನೆಯ ವಾರದಲ್ಲಿ ಪೆರ್ಗೆ ಸಿಕ್ಕಿತು. ವಾಕರು ಹೋಗಿ ಕೋಲು ಬಂದಿತ್ತು. ಬಸ್ ಸ್ಟಾಪಿನ ಸಿಮೆಂಟು ಕಟ್ಟೆಯ ಮೇಲೆ ಅತ್ತೆ ರಾಣಿಯಂತೆ ಕೂತು ಬೆವರು ಒರೆಸಿಕೊಳ್ಳುತ್ತಿದ್ದಾಗ ಅವನು ಗಂಟಲು ಸರಿಮಾಡಿಕೊಂಡ.

"ಅಮ್ಮಾ, ಬೇರೆ ಊರಿನ ಆಸ್ಪತ್ರೇಲಿ ನನಗೆ ಕೆಲಸ ಆಗಿದೆ. ಖಾಯಂ ಕೆಲಸ. ಶನಿವಾರ ಸಂಜೆ ಆರೂಕಾಲಿಗೆ ಇಲ್ಲಿಂದಲೇ ಬಸ್ಸು. ರಾತ್ರಿಯೆಲ್ಲ ಪ್ರಯಾಣ."

ಮಾತು ಅತ್ತೆಗೆ. ಕಣ್ಣು ಅತ್ತೆಯ ಹಿಂದೆ ನಿಂತಿದ್ದವಳ ಮೇಲೆ.

ಅವಳು ಕಿವಿಯ ಹಿಂದಿನ ಪೆನ್ಸಿಲನ್ನು ತೆಗೆದು ಮತ್ತೆ ಅಲ್ಲೇ ಸಿಕ್ಕಿಸಿಕೊಂಡಳು. "ಒಳ್ಳೇದು," ಎಂದಳು. ಆ ಪದಕ್ಕೆ ಎಷ್ಟು ಕಡಿಮೆ ಜಾಗ ಬೇಕು ಎಂದು ಆಮೇಲೆ ಹೊಳೆಯಿತು.

ಅತ್ತೆ ಕೋಲನ್ನು ನೆಲಕ್ಕೆ ಕುಟ್ಟಿದಳು. "ಸರಿಯಾಗಿಯೇ ಇದೆ. ಪೆರ್ಗೆಯಲ್ಲೇ ತಾನೇ ಮಾರ್ಕನೂ ಕೈಕೊಟ್ಟಿದ್ದು?"

"ಮಾರ್ಕ ಯಾರು?"

"ಇವರ ಜೊತೆ ಹೊರಟೋನು. ಸಮುದ್ರ ದಾಟೋವರೆಗೂ ಚೆನ್ನಾಗಿಯೇ ಇದ್ದ. ಪೆರ್ಗೆ ಬಂದ ಕೂಡಲೇ ಬಿಟ್ಟು ಮನೆಗೆ ಹೋದ. ಯಾಕೆ ಅಂತ ಪುಸ್ತಕದಲ್ಲಿ ಬರೆದಿಲ್ಲ. ಬಸ್ಸಿತ್ತೋ ಏನೋ."

ಆ ದಿನದಿಂದ ಅತ್ತೆ ಮುಷ್ಕರ ಹೂಡಿದಳು. ಪೆರ್ಗೆಯವರೆಗೆ ನಡೆಯುವಳು, ಒಂದು ಹೆಜ್ಜೆಯೂ ಮುಂದಿಡಳು. "ಪೌಲ ಹೋಗಲಿ. ನಾನು ಇಲ್ಲೇ ಇರ್ತೀನಿ." ಓದು ಮಾತ್ರ ಮುಂದುವರಿಯಿತು. ಶುಕ್ರವಾರ ಅವನು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಅವಳು ಹದಿನಾಲ್ಕನೆಯ ಅಧ್ಯಾಯವನ್ನು ಓದುತ್ತಿದ್ದಳು. ಕೊನೆಯ ಊರು ಮುಟ್ಟಿದ ಮೇಲೆ ಅವರು ಬಂದ ದಾರಿಯಲ್ಲೇ ತಿರುಗಿ ಅಂತಿಯೋಕ್ಯಕ್ಕೆ ಹಿಂದಿರುಗಿದರು ಎಂಬಲ್ಲಿಗೆ ಅಂದಿನ ಓದು ನಿಂತಿತು.

ಹೋಗುವಾಗ ಅವನು ಅತ್ತೆಯ ವ್ಯಾಯಾಮದ ಪಟ್ಟಿಯನ್ನು ಅವಳ ಕೈಗಿತ್ತ. "ನಾನಿಲ್ಲದಾಗ ಇದನ್ನ ನೋಡಿಕೊಂಡು ಮಾಡಿಸಿ. ಹಿಂದುಗಡೆಯೂ ಓದಿ."

ಮುಂದುಗಡೆ: ಮಂಡಿ ಮಡಿಸುವುದು ಹತ್ತು ಬಾರಿ, ಪಾದ ಎತ್ತುವುದು ಹದಿನೈದು ಬಾರಿ.

ಹಿಂದುಗಡೆ: 'ಇಷ್ಟು ದಿನ ಹೇಳಲಾಗದ್ದನ್ನು ನೀವು ಊಹಿಸಿರುತ್ತೀರಿ. ಅವರು ಹಿಂದಿರುಗಿದ ಅಂತಿಯೋಕ್ಯದಲ್ಲಿ ನಾಳೆ ಐದು ಗಂಟೆಗೆ ಕಾಯುತ್ತೇನೆ. ನಿಮಗೂ ಹಾಗೆಯೇ ಅನ್ನಿಸಿದ್ದರೆ ಬನ್ನಿ. ಇಲ್ಲವಾದರೆ ಬರಬೇಡಿ, ಫೋನೂ ಮಾಡಬೇಡಿ. ಇಲ್ಲ ಎನ್ನುವುದನ್ನು ನಿಮ್ಮ ದನಿಯಲ್ಲಿ ಕೇಳುವ ಶಕ್ತಿ ನನಗಿಲ್ಲ. ಆರೂಕಾಲಿಗೆ ಬಸ್ಸು ಹತ್ತಿಬಿಡುತ್ತೇನೆ.'

ಅವಳು ಅದನ್ನು ಮೂರು ಬಾರಿ ಓದಿದಳು. ತಪ್ಪು ಹುಡುಕುವುದೇ ವೃತ್ತಿಯಾದವಳಿಗೆ ಒಂದೂ ಸಿಕ್ಕಲಿಲ್ಲ.

ಶನಿವಾರ ನಾಲ್ಕಕ್ಕೆ ಅಧ್ಯಾಯದ ಉಳಿದ ಭಾಗವನ್ನು ಓದಿ ಮುಗಿಸಿದಳು. ಅವರು ಸಮುದ್ರದ ದಾರಿಯಾಗಿ, ಹೊರಟಿದ್ದ ಅಂತಿಯೋಕ್ಯಕ್ಕೇ ಹಿಂದಿರುಗಿದರು. ಪ್ರಯಾಣ ಮುಗಿದಿತ್ತು. ಗಜಕಡ್ಡಿ ನಕ್ಷೆಯ ಬಲ ಅಂಚಿಗೆ ಬಂದು ನಿಂತಿತು.

ಐದಕ್ಕೆ ಐದು ನಿಮಿಷವಿರುವಾಗ ಅವಳು ಗೇಟಿಗೆ ಬಂದಳು. ತಲೆ ಬಾಚಿಕೊಂಡಿದ್ದಳು, ಪೆನ್ಸಿಲು ಕಿವಿಯ ಹಿಂದೆ ಇರಲಿಲ್ಲ.

ಐದಾಯಿತು. ಹಾಲಿನ ವ್ಯಾನು ಹೋಯಿತು.

ಐದೂ ಹತ್ತು. ಪಕ್ಕದ ಮನೆಯ ವಕೀಲರು ನಾಯಿಯೊಂದಿಗೆ ಹೊರಟವರು, "ಯಾರಾದ್ರೂ ಬರೋರಿದ್ದಾರಾ?" ಎಂದರು. "ಇಲ್ಲ ಸಾರ್," ಎಂದಳು. ಹೇಳಿದ ಮೇಲೆ ಆ ಮಾತು ಗೇಟಿನ ಮೇಲೆಯೇ ಕೂತುಬಿಟ್ಟಿತು.

ಐದೂಕಾಲು. ಐದೂ ಇಪ್ಪತ್ತೈದು. ವಕೀಲರು ನಾಯಿಯೊಂದಿಗೆ ಹಿಂದಿರುಗಿದರು. ಈ ಸಲ ಏನೂ ಕೇಳಲಿಲ್ಲ.

ಮನಸ್ಸು ಬದಲಾಗಿರಬಹುದು. ಬರೆದವನಿಗೇ ಬರೆದದ್ದು ಹೆಚ್ಚಾಯಿತೆನ್ನಿಸಿರಬಹುದು. ಫೋನು ಕೈಯಲ್ಲೇ ಇತ್ತು. ಬಾರದವನನ್ನು ಯಾಕೆ ಬರಲಿಲ್ಲವೆಂದು ಕೇಳುವಷ್ಟು ಸಲಿಗೆ 'ನೀವು' ಎಂಬ ಪದದೊಳಗೆ ಇರಲಿಲ್ಲ. ಐದೂವರೆಗೆ ಅವಳು ಒಳಗೆ ಹೋಗಿ, ಬಚ್ಚಲಲ್ಲಿ ನಲ್ಲಿ ತಿರುಗಿಸಿ, ಅಗತ್ಯಕ್ಕಿಂತ ಹೆಚ್ಚು ಹೊತ್ತು ಮುಖ ತೊಳೆದಳು.

ಹೊರಬಂದಾಗ ಅತ್ತೆ ಮಂಚದ ಮೇಲೆ ಮಂಡಿ ಮಡಿಸುತ್ತಿದ್ದಳು. ಕೈಯಲ್ಲಿ ಪಟ್ಟಿ. ಪಟ್ಟಿಯ ಹಿಂಭಾಗ ಅತ್ತೆಯ ಕಡೆಗಿತ್ತು.

"ಸ್ಕೇಲು, ಇದಕ್ಕೇನಾ ನೀನು ಗೇಟು ಕಾಯ್ತಿದ್ದಿದ್ದು?"

ಅವಳು ಟವೆಲಿನಿಂದ ಮುಖ ಎತ್ತಲಿಲ್ಲ. "ಅವರು ಬರಲಿಲ್ಲ ಅತ್ತೆ. ಬಿಟ್ಟುಬಿಡಿ."

"ಮೂವತ್ತೊಂದು ವರ್ಷ ನಾನು ಟ್ರಂಕ್ ಕಾಲ್ ಹಾಕಿದೋಳು. ಊರಿನ ಹೆಸರು ಹೇಳಿದ್ರೆ ಮೊದಲು ಏನು ಕೇಳ್ತಿದ್ದೆ ಗೊತ್ತಾ?"

"ಏನು?"

"ಯಾವ ಜಿಲ್ಲೆ ಅಂತ." ಅತ್ತೆ ಪಟ್ಟಿಯನ್ನು ಆಡಿಸಿದಳು. "ಇದು ಯಾವ ಅಂತಿಯೋಕ್ಯ?"

ಟವೆಲು ಕೆಳಗೆ ಬಿತ್ತು.

ಮೇಜಿನ ಮೇಲಿನ ಟ್ರೇಸಿಂಗ್ ಹಾಳೆಯನ್ನು ಅವಳು ಬಿಚ್ಚಿದಳು. ಬಲ ಅಂಚಿನಲ್ಲಿ ಗೇಟು: ಅಂತಿಯೋಕ್ಯ. ಎಡಕ್ಕೆ, ಮೇಲೆ, ಕಲ್ಲುಬೆಂಚು: ಅಂತಿಯೋಕ್ಯ. ತನ್ನದೇ ದುಂಡನೆಯ ಅಕ್ಷರ. ಅವನ ಪ್ರತಿಯಲ್ಲಿ ಬಲ ಅಂಚು ಇರಲೇ ಇಲ್ಲ. ಅವನು ಬಾಗಿಲಲ್ಲಿ ನಿಂತು ಕೇಳಿದ್ದು ನಿನ್ನೆಯ ಓದಿನ ಅಂತಿಯೋಕ್ಯ, ಬೆಂಚಿನದು. ಅವಳು ಹೋಗಿ ನಿಂತಿದ್ದು ಇವತ್ತಿನ ಓದಿನದರಲ್ಲಿ, ಗೇಟಿನಲ್ಲಿ. ಒಂದೇ ಹೆಸರಿನ ಎರಡು ಊರುಗಳನ್ನು ಪಕ್ಕದಲ್ಲಿ ಗುರುತಿನ ಪದವಿಲ್ಲದೆ ಅಚ್ಚಿಗೆ ಬಿಡಬಾರದೆಂದು ಕಚೇರಿಯಲ್ಲಿ ಆರು ವರ್ಷದಿಂದ ಎಲ್ಲರಿಗೂ ಬುದ್ಧಿ ಹೇಳುತ್ತಿದ್ದವಳು ಅವಳೇ.

"ಅಯ್ಯೋ ಅತ್ತೆ!"

"ರಾಂಗ್ ನಂಬರ್ ಅಂತ ಗೊತ್ತಾದ ಮೇಲೂ ರಿಸೀವರ್ ಹಿಡಿದು ನಿಂತಿರ್ತಾರಾ? ಓಡು! ನಾನು ಹಿಂದೆ ಬರ್ತೀನಿ."

"ನೀವು ಒಬ್ಬರೇ..."

"ಓಡ್ತೀಯೋ ಕೋಲು ಎಸೀಲೋ?"

ಐದೂ ನಲವತ್ತೆರಡು. ಅವಳು ಓಡಿದಳು. ಸೆಲ್ಯೂಕ್ಯ ಹೋಯಿತು. ಸಮುದ್ರವನ್ನು ಒಂದೇ ಜಿಗಿತಕ್ಕೆ ದಾಟಿದಳು. ಪಾಫೋಸಿನಲ್ಲಿ ಸೈಕಲ್ ರಿಪೇರಿಯವನು ಪಂಪು ಹಿಡಿದು ಬಾಯಿ ತೆರೆದು ನೋಡಿದ. ಪೆರ್ಗೆಯಲ್ಲಿ ಬಸ್ಸು ಇನ್ನೂ ಬಂದಿರಲಿಲ್ಲ. ರಸ್ತೆ ದಾಟಿದಳು. ಲೈಬ್ರರಿಯ ಮುಂದಿನ ಕಲ್ಲುಬೆಂಚಿನ ಮೇಲೆ ಒಂದು ಬ್ಯಾಗಿತ್ತು.

ಬ್ಯಾಗು ಮಾತ್ರ.

ಅವಳು ಕೊನೆಗೂ ಅವನ ನಂಬರನ್ನು ಒತ್ತಿದಳು. ಬ್ಯಾಗಿನೊಳಗೆ ಫೋನು ಬಡಿದುಕೊಂಡಿತು.

ಬಾಗಿಲು ಹಾಕಲು ಬಂದ ಲೈಬ್ರರಿಯನ್ ಮೇಡಂ ಕನ್ನಡಕ ಸರಿಪಡಿಸಿಕೊಂಡರು. "ಅವರನ್ನು ಹುಡುಕ್ತಿದ್ದೀರಾ? ನಾಲ್ಕೂಮುಕ್ಕಾಲಿಂದ ಇಲ್ಲೇ ಕೂತಿದ್ರು. ಹೊತ್ತು ಹೋಗ್ತಿಲ್ಲ, ಬೈಬಲ್ ಇದ್ರೆ ಕೊಡಿ ಅಂದ್ರು. ಓದ್ತಾ ಓದ್ತಾ ಇದ್ದಕ್ಕಿದ್ದ ಹಾಗೆ, 'ಇಲ್ಲಿಗೆ ಹಡಗು ಹೇಗೆ ಬರುತ್ತೆ?' ಅಂತ ನನ್ನನ್ನೇ ಕೇಳಿದ್ರು. ನಾನೇನು ಹೇಳಲಿ? ಒಂದು ಕಾಗದ ತೆಗೆದು ನೋಡಿದ್ರು, ಹಣೆ ಚಚ್ಚಿಕೊಂಡ್ರು, ಆ ಮೈದಾನದ ಅಡ್ಡದಾರಿ ಹಿಡಿದು ಓಡಿದ್ರು."

"ಎಷ್ಟು ಹೊತ್ತಾಯ್ತು?"

"ಹತ್ತು ನಿಮಿಷ ಆಗಿರಬಹುದು. ಬ್ಯಾಗು ಬಿಟ್ಟು ಓಡೋ ಮನುಷ್ಯನನ್ನ ನಾನು ಇದೇ ಮೊದಲು ನೋಡಿದ್ದು."

ಅವಳು ಬ್ಯಾಗನ್ನು ಹೆಗಲಿಗೇರಿಸಿದಳು. ಅವನು ಮೈದಾನದ ದಾರಿಯಲ್ಲಿ ಮನೆಗೆ. ಅವಳು ಬೀದಿಯ ದಾರಿಯಲ್ಲಿ ಇಲ್ಲಿಗೆ. ಗೇಟಿನಲ್ಲಿ ಯಾರೂ ಇಲ್ಲದ್ದನ್ನು ನೋಡಿ ಅವನು ಏನೆಂದುಕೊಂಡಾನು? ಐದೂ ಐವತ್ತೈದು. ಬಂದ ದಾರಿಯಲ್ಲೇ ತಿರುಗಿ ಓಡಿದಳು.

ಬಸ್ ಸ್ಟಾಪಿಗೆ ಎದುರಾಗಿ, ರಸ್ತೆಯ ಈಚೆ ಬದಿಯಲ್ಲಿ, ಬೀಗ ರಿಪೇರಿಯವನ ಅಂಗಡಿಯ ಮುಂದೆ ನಾಲ್ಕಾರು ಜನ ನಿಂತಿದ್ದರು. ನಡುವೆ ಒಂದು ಪ್ಲಾಸ್ಟಿಕ್ ಕುರ್ಚಿ. ಕುರ್ಚಿಯಲ್ಲಿ ಅತ್ತೆ, ಮುಖವೆಲ್ಲ ಬೆವರು, ತೊಡೆಯ ಮೇಲೆ ಅಡ್ಡಲಾಗಿ ಕೋಲು. ಪಕ್ಕದಲ್ಲಿ ಮೊಣಕಾಲೂರಿ ಅತ್ತೆಯ ನಾಡಿ ಹಿಡಿದಿದ್ದವನು ಅವನೇ. ಅಂಗಿಗೆ ಮೈದಾನದ ಮುಳ್ಳು ಮೆತ್ತಿಕೊಂಡಿತ್ತು.

"ಎಣಿಸಿಕೋ ಕಸರತ್ತು," ಅತ್ತೆ ಏದುಸಿರು ಬಿಡುತ್ತ ಹೇಳುತ್ತಿದ್ದಳು. "ಪೆರ್ಗೆಯಿಂದ ಇಪ್ಪತ್ತೆರಡು ಹೆಜ್ಜೆ. ಒಬ್ಬಳೇ. ರಸ್ತೆ ದಾಟಿದೆ. ಲಾರಿಯವನು ನಿಲ್ಲಿಸಿ ಕೈಮುಗಿದ."

"ಬೈದಿರಬೇಕು ಅಮ್ಮಾ."

"ಎರಡೂ ಮಾಡಿದ."

ಆಗ ಅವನು ತಲೆಯೆತ್ತಿದ. ಅವಳ ಹೆಗಲಿನ ಮೇಲೆ ತನ್ನ ಬ್ಯಾಗು. ಅವಳ ಕೂದಲು ಬಿಚ್ಚಿಹೋಗಿತ್ತು. ಅವನು ನಿಧಾನವಾಗಿ ಎದ್ದು ನಿಂತ. ಬೀಗದವನು ಅರ ಉಜ್ಜುವುದನ್ನು ನಿಲ್ಲಿಸಿದ.

"ನಾನು ಬೆಂಚಿನ ಹತ್ತಿರ..." ಎಂದ.

"ನಾನು ಗೇಟಿನ ಹತ್ತಿರ," ಎಂದಳು. "ಐದಕ್ಕೆ ಐದು ನಿಮಿಷ ಇರುವಾಗಲೇ."

"ಆಮೇಲೆ ನಾನು ಗೇಟಿಗೆ ಹೋದೆ. ಬಾಗಿಲು ತೆರೆದಿತ್ತು, ಒಳಗೆ ಯಾರೂ ಇಲ್ಲ. ನೀವು ಬರಲಿಲ್ಲ ಅಂದುಕೊಂಡೆ."

"ಬಂದೆ. ಎರಡು ಅಂತಿಯೋಕ್ಯಕ್ಕೂ ಬಂದೆ."

ಅವನ ಎಡಗಣ್ಣಿಗೆ ನಗು ಬಂತು. ಬಲಗಣ್ಣಿಗೆ ಬರಲು ಎಂದಿಗಿಂತ ಸ್ವಲ್ಪ ಹೆಚ್ಚು ಹೊತ್ತು ಹಿಡಿಯಿತು. ಅಷ್ಟರಲ್ಲಿ ಅದು ಒದ್ದೆಯಾಗಿತ್ತು.

ಅವಳು ನಕ್ಷೆಯನ್ನು ನೆನಪಿಸಿಕೊಂಡಳು. ಪೆರ್ಗೆಗೂ ಬೆಂಚಿಗೂ ನಡುವೆ ಬರಿಯ ಗೆರೆ. ತಾವು ನಿಂತಿದ್ದ ಈ ಜಾಗಕ್ಕೆ ಅವಳು ಯಾವ ಹೆಸರನ್ನೂ ಕೊಟ್ಟಿರಲಿಲ್ಲ.

ಬಸ್ಸು ಸಮಯಕ್ಕೆ ಸರಿಯಾಗಿ ಬಂತು. ಕಂಡಕ್ಟರ್ ಕಿಟಕಿಯಿಂದ ತಲೆ ಹಾಕಿ ಊರಿನ ಹೆಸರು ಕೂಗಿದ. ಅವನು ಬಸ್ಸನ್ನು ನೋಡಿದ, ಅವಳನ್ನು ನೋಡಿದ, ಕದಲಲಿಲ್ಲ.

"ಸೋಮವಾರ ಕೆಲಸಕ್ಕೆ ಸೇರಬೇಕು ತಾನೇ? ಹೊರಡು," ಅತ್ತೆ ಗದರಿದಳು. "ನಿನ್ನ ಕೆಲಸ ಇಲ್ಲಿಗೆ ಮುಗೀತು, ಕಾಣಿಸ್ತಿಲ್ವಾ? ನಾನು ನಡೆದು ಬಂದೆ."

ಅವಳು ಬ್ಯಾಗನ್ನು ಅವನ ಕೈಗೆ ಕೊಟ್ಟಳು. ಬ್ಯಾಗಿನ ಪಟ್ಟಿಯ ಅಡಿಯಲ್ಲಿ ಬೆರಳಿಗೆ ಬೆರಳು ತಾಗಿತು. ಆ ಒಂದಂಗುಲ ಈಗ ಇರಲಿಲ್ಲ.

ರಸ್ತೆ ದಾಟಿ, ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಅವನು ತಿರುಗಿದ. "ಆ ಮಾರ್ಕ," ಎಂದು ಕೂಗಿದ. "ಪೆರ್ಗೆಯಿಂದ ಬಿಟ್ಟುಹೋದೋನು. ಅವನು ಮತ್ತೆ ಬಂದನಾ ಇಲ್ವಾ?"

"ತಿಮೊಥೆಯನಿಗೆ ಬರೆದ ಎರಡನೆಯ ಪತ್ರ," ಎಂದು ಅವಳೂ ಕೂಗಿದಳು. "ಕೊನೆಯ ಅಧ್ಯಾಯ. ಓದು."

ಬಸ್ಸು ಗುರುಗುಟ್ಟುತ್ತಿತ್ತು. "ಏನಂದ್ರಿ?"

ಅವಳು ಎರಡು ಕೈಯನ್ನೂ ಬಾಯಿಗೆ ಹಿಡಿದಳು. ಬೀದಿಯೆಲ್ಲ ತನ್ನನ್ನೇ ನೋಡುತ್ತಿದೆ ಎಂಬುದು ಗೊತ್ತಿತ್ತು.

"ಓದು ಅಂದೆ! ನೀನೇ ಓದು!"

ಅವನು ಕೇಳಿಸಿಕೊಂಡ. ಕಂಡಕ್ಟರ್ ಎಳೆದುಕೊಳ್ಳದೇ ಹೋಗಿದ್ದರೆ ಮೆಟ್ಟಿಲ ಮೇಲೆಯೇ ನಿಂತಿರುತ್ತಿದ್ದನೇನೋ.

ಮನೆಗೆ ಹಿಂದಿರುಗಲು ಅತ್ತೆ ಆಟೋ ಬೇಡವೆಂದಳು. ನಡುನಡುವೆ ಕೂತು, ಸಮುದ್ರವನ್ನು ಗೊಣಗುತ್ತ ದಾಟಿ, ಗೇಟಿಗೆ ಬರುವಷ್ಟರಲ್ಲಿ ಬೀದಿದೀಪಗಳು ಹತ್ತಿಕೊಂಡವು. ಅವಳು ಹಜಾರದ ನಕ್ಷೆಯ ಮುಂದೆ ನಿಂತಳು. ಕುಪ್ರದ ನೀಲಿ ಕಲೆಯನ್ನು ಮುಟ್ಟಲಿಲ್ಲ. ಟ್ರೇಸಿಂಗ್ ಹಾಳೆಯಲ್ಲಿ, ಕಲ್ಲುಬೆಂಚಿನ ಪಕ್ಕದ ಸಾಲದ ಜಾಗದಲ್ಲೇ, ಸಣ್ಣಕ್ಷರದಲ್ಲಿ 'ಪಿಸಿದ್ಯ' ಎಂದು ಬರೆದಳು.

ಫೋನು ಮಿನುಗಿತು.

'ಓದಿದೆ. ಮಾರ್ಕನನ್ನು ಕರೆದುಕೊಂಡು ಬಾ ಅಂತ ಪೌಲನೇ ಹೇಳಿ ಕಳಿಸ್ತಾನೆ. ನನ್ನನ್ನು ಯಾರು ಕರೀತಾರೆ?'

ಅವಳು ಒಂದೇ ಅಕ್ಷರ ಒತ್ತಿದಳು: 'ಬಾ.'

ಕೋಣೆಯಿಂದ ಅತ್ತೆಯ ದನಿ ಬಂತು. ದಣಿದಿದ್ದರೂ ಅದು ಮೂವತ್ತೊಂದು ವರ್ಷದ ಕೆಲಸದ ದನಿಯೇ.

"ಸ್ಕೇಲು, ಲೈನ್ ಸಿಕ್ತಾ?"

"ಸಿಕ್ತು ಅತ್ತೆ."

"ಹಾಗಾದ್ರೆ ಮಾತಾಡಿ," ಎಂದಳು ಅತ್ತೆ, ದೀಪ ಆರಿಸುತ್ತ. "ನಾನು ಇಡ್ತೀನಿ."